ಕ್ಯಾಮೆರಾದ ಬ್ಯಾಟರಿ ಬೆನ್ನ ಹಿಂದೆ ಯಾಕೆ?



ಈಗ ನಮ್ಮ ಕಡೆ ಮದುವೆ ಅಂದರೆ ವಿಡಿಯೋ ಇಲ್ಲದೆ ಆಗುವುದಿಲ್ಲ. ವಿಡಿಯೋ ತೆಗೆಯುವವರ ಹೆಗಲ ಮೇಲೆ ಒಂದು ಚೌಕಟ್ಟು ಇರುತ್ತದೆ, ನೀವೆಲ್ಲ ನೋಡಿರುತ್ತೀರಿ. ಮುಂದೆ ಕ್ಯಾಮೆರಾ, ಕೈಗೆ ಎರಡು ಹಿಡಿ, ನಡುವೆ ಹೆಗಲಿಗೆ ಒಂದು ಮೆತ್ತೆ, ಎಲ್ಲಕ್ಕಿಂತ ಹಿಂದೆ ಅರ್ಧ ಇಟ್ಟಿಗೆಯಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿ. ಈ ಚೌಕಟ್ಟಿಗೆ ಶೋಲ್ಡರ್ ರಿಗ್ ಅಂತ ಹೆಸರು. ಹಿಂದಿನ ಡಬ್ಬಿ ಏನು ಅಂತ ನಮ್ಮ ತರಗತಿಯಲ್ಲಿ ಕೇಳಿದೆ. ಒಬ್ಬ ಮೆಮೊರಿ ಅಂದ, ಒಬ್ಬಳು ಸ್ಪೀಕರ್ ಅಂದಳು, ಇನ್ನೊಬ್ಬ ಸುಮ್ಮನೆ ಸ್ಟೈಲಿಗೆ ಅಂದ. ಅದು ಬ್ಯಾಟರಿ. ಕ್ಯಾಮೆರಾ ಮುಂದೆ ಇರುವಾಗ ಬ್ಯಾಟರಿಯನ್ನು ಅಷ್ಟು ದೂರ, ಬೆನ್ನ ಹಿಂದೆ ಯಾಕೆ ಹಾಕುತ್ತಾರೆ? ಅದನ್ನೇ ಈ ಲೇಖನದಲ್ಲಿ ಬರೆದಿದ್ದೇನೆ.

ನನ್ನ ಸೋದರಮಾವ ತಾಲ್ಲೂಕು ಕೇಂದ್ರದಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ ಇವುಗಳ ವಿಡಿಯೋ ಮಾಡುತ್ತಾರೆ. ಈಗ ಅವರ ಹತ್ತಿರ ಇರುವುದು ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ. ಆಸ್ಟ್ರೇಲಿಯಾದ ಕಂಪನಿಯದು, 2018ರಲ್ಲಿ ಬಂದದ್ದು. ಮಾವ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡರು. ಹೆಸರು ಪಾಕೆಟ್ ಅಂತ ಇದ್ದರೂ ಯಾವ ಜೇಬಿನಲ್ಲೂ ಹಿಡಿಯುವುದಿಲ್ಲ! ಬರೀ ಕ್ಯಾಮೆರಾ ಸುಮಾರು 720 ಗ್ರಾಂ ಇದೆ. ಲೆನ್ಸ್ ಬೇರೆ.

ಮೊದಲು ಕರೆಂಟಿನ ಲೆಕ್ಕ ನೋಡೋಣ.

ಈ ಕ್ಯಾಮೆರಾದ ಹಿಡಿಯೊಳಗೆ ಒಂದು ಸಣ್ಣ ಬ್ಯಾಟರಿ ಹೋಗುತ್ತದೆ. ಎಲ್‌ಪಿ-ಇ6 ಅಂತ ಅದರ ಹೆಸರು, ಸ್ಟುಡಿಯೋದವರ ಫೋಟೋ ಕ್ಯಾಮೆರಾಗಳಿಗೂ ಇದೇ ಬಳಕೆಯಲ್ಲಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ತೂಕ ಸುಮಾರು 80 ಗ್ರಾಂ. ಅದರೊಳಗೆ ಸುಮಾರು 14 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ವ್ಯಾಟ್-ಗಂಟೆ ಅಂದರೆ ಕಷ್ಟ ಏನಿಲ್ಲ. 1 ವ್ಯಾಟ್ ಕುಡಿಯುವ ವಸ್ತು 1 ಗಂಟೆ ನಡೆದರೆ 1 ವ್ಯಾಟ್-ಗಂಟೆ ಖರ್ಚು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ 1 ಯೂನಿಟ್ ಅಂದರೆ ಇಂಥ 1000. ಮಾವನ ಕ್ಯಾಮೆರಾ ರೆಕಾರ್ಡ್ ಆಗುವಾಗ ಸುಮಾರು 20 ವ್ಯಾಟ್ ಕುಡಿಯುತ್ತದೆ. ಹದಿನಾಲ್ಕನ್ನು ಇಪ್ಪತ್ತರಿಂದ ಭಾಗಿಸಿ, ಅರವತ್ತರಿಂದ ಗುಣಿಸಿ. 42 ನಿಮಿಷ! ಸಿನಿಮಾ ಕ್ಯಾಮೆರಾ ಪ್ರತಿ ಸೆಕೆಂಡಿಗೆ ತುಂಬಾ ಚಿತ್ರದ ಮಾಹಿತಿ ಬರೆಯಬೇಕು, ಒಳಗೆ ಫ್ಯಾನ್ ತಿರುಗಬೇಕು, ಹಿಂದಿನ 5 ಇಂಚಿನ ಪರದೆ ಬೆಳಗಬೇಕು. ಅದಕ್ಕೇ ಅಷ್ಟು ಕುಡಿಯುವುದು.

ಮದುವೆ 42 ನಿಮಿಷಕ್ಕೆ ಮುಗಿಯುತ್ತದೆಯೇ? ಬೆಳಿಗ್ಗೆ ಐದಕ್ಕೆ ಶುರುವಾದರೆ ಊಟದ ಪಂಕ್ತಿ ಏಳುವವರೆಗೆ ಒಂಬತ್ತು ಗಂಟೆ. ನಡುವೆ ಗಟ್ಟಿಮೇಳ ಶುರುವಾದ ಮೇಲೆ ಯಾರೂ ಕ್ಯಾಮೆರಾದವರಿಗಾಗಿ ಕಾಯುವುದಿಲ್ಲ. ಪುರೋಹಿತರು ಮುಹೂರ್ತ ನೋಡ್ತಾರೆ, ಬ್ಯಾಟರಿ ನೋಡಲ್ಲ. ತುಂಬಾ ಹಿಂದೆ, ಬೇರೆ ಕ್ಯಾಮೆರಾ ಇದ್ದಾಗ, ಮಾವನಿಗೆ ಹಾಗೆ ಒಂದು ಸಲ ಆಗಿತ್ತು. ತಾಳಿ ಕಟ್ಟುವ ಹೊತ್ತಿಗೆ ಪರದೆ ಕಪ್ಪಗಾಯಿತು. ಬ್ಯಾಟರಿ ಬದಲಾಯಿಸಿ ಆನ್ ಮಾಡುವಷ್ಟರಲ್ಲಿ ಅಕ್ಷತೆ ಬಿದ್ದು ಮುಗಿದಿತ್ತು. ಆ ಮದುವೆಯವರು ಬಾಕಿ ದುಡ್ಡು ಕೊಡಲಿಲ್ಲ. ಕೊಡದಿದ್ದದ್ದು ಅವರ ತಪ್ಪು ಅಂತ ಮಾವ ಇವತ್ತಿಗೂ ಹೇಳಿಲ್ಲ.

ಹಾಗಾಗಿ ಹೊರಗಿನಿಂದ ದೊಡ್ಡ ಬ್ಯಾಟರಿ ಹಾಕುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ವಿ-ಮೌಂಟ್ ಬ್ಯಾಟರಿ. ಅದರ ಬೆನ್ನಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದ ಒಂದು ತುಂಡು ಇದೆ. ಕಟ್ಟಿನ ಮೇಲಿರುವ ಅದೇ ಆಕಾರದ ಗಾಡಿಗೆ ಮೇಲಿನಿಂದ ಇಳಿಸಿದರೆ ಟಕ್ ಅಂತ ಕೂರುತ್ತದೆ. ಗೋಲ್ಡ್ ಮೌಂಟ್ ಅಂತ ಇನ್ನೊಂದು ಜಾತಿ ಇದೆ, ಅದಕ್ಕೆ ಮೂರು ಗುಬ್ಬಿಗಳು. ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ.

ಇದರೊಳಗೆ ಇರುವುದು ಲಿಥಿಯಂ-ಅಯಾನ್ ಕೋಶಗಳು, ಮೊಬೈಲಿನಲ್ಲಿ ಇರುವಂಥವೇ. 1991ರಲ್ಲಿ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದನ್ನು ಬೆಳೆಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಈ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ! (ಸಾಮಾನ್ಯ ಜ್ಞಾನ ಸ್ಪರ್ಧೆಗೆ ಹೋಗುವವರು ಬರೆದಿಟ್ಟುಕೊಳ್ಳಿ.) ಒಂದು ಕೋಶ ಸುಮಾರು 3.6 ವೋಲ್ಟ್ ಕೊಡುತ್ತದೆ. ನಾಲ್ಕನ್ನು ಟಾರ್ಚಿನ ಸೆಲ್ಲುಗಳ ಹಾಗೆ ಸರಣಿಯಲ್ಲಿ ಜೋಡಿಸಿದರೆ 14.4 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಒಂದೊಂದು ಕೋಶ 4.2 ವೋಲ್ಟಿಗೆ ಏರುತ್ತದೆ, ಆಗ ಒಟ್ಟು 16.8. ಮಾವನ ಕ್ಯಾಮೆರಾ ಹೊರಗಿನಿಂದ 12ರಿಂದ 20 ವೋಲ್ಟ್‌ವರೆಗೆ ತಡೆಯುತ್ತದೆ. ಆದ್ದರಿಂದ ಈ ಬ್ಯಾಟರಿ ಅದಕ್ಕೆ ಸರಿಯಾಗಿ ಹೊಂದುತ್ತದೆ.

ಮಾವನ ಹತ್ತಿರ ಇರುವುದು 98 ವ್ಯಾಟ್-ಗಂಟೆಯದು. ನೂರು ಮಾಡಬಾರದಿತ್ತೇ, ಎರಡು ಕಡಿಮೆ ಯಾಕೆ ಅಂತ ಕೇಳಿದೆ. ವಿಮಾನದ ನಿಯಮವಂತೆ. 100 ವ್ಯಾಟ್-ಗಂಟೆಯವರೆಗಿನ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಕೈಚೀಲದಲ್ಲಿ ತೆಗೆದುಕೊಂಡು ಹೋಗಬಹುದು. ಅದಕ್ಕಿಂತ ಮೇಲಾದರೆ, 160ರ ತನಕ, ವಿಮಾನ ಕಂಪನಿಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿಯನ್ನು ಸರಕಿನ ಜೊತೆ ಕೆಳಗೆ ಹಾಕುವ ಹಾಗೇ ಇಲ್ಲ, ಬೆಂಕಿ ಹೊತ್ತಿದರೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಕಂಪನಿಗಳು 95, 98, 99 ಅಂತ ನೂರರ ಒಳಗೇ ನಿಲ್ಲಿಸುತ್ತವೆ. ನಮ್ಮ ಮಾವ ಇದುವರೆಗೆ ವಿಮಾನ ಹತ್ತಿಲ್ಲ, ಬ್ಯಾಟರಿ ಮಾತ್ರ ತಯಾರಾಗಿದೆ.

ಕ್ಯಾಮೆರಾಕ್ಕೆ 20 ವ್ಯಾಟ್, ಮುಂದಿನ ಸಣ್ಣ ಮಾನಿಟರಿಗೆ 8 ವ್ಯಾಟ್, ಒಟ್ಟು 28. ತೊಂಬತ್ತೆಂಟನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಮೂರೂವರೆ ಗಂಟೆ. ಕೊನೆಯ ಹನಿಯವರೆಗೆ ಹಿಂಡಬಾರದು, ಮೂರು ಗಂಟೆ ಅಂತ ಇಟ್ಟುಕೊಳ್ಳಿ. ಮೂರು ಬ್ಯಾಟರಿ ಇದ್ದರೆ ಇಡೀ ಮದುವೆ ಆಯಿತು.

ಇಲ್ಲಿಯವರೆಗೆ ಸುಲಭ. ಇನ್ನು ಎಲ್ಲಿ ಹಾಕಬೇಕು ಅನ್ನುವುದು. ನನಗೆ ಹೆಚ್ಚು ಇಷ್ಟವಾದ ಭಾಗ ಇದೇ.

ನಮಗೆಲ್ಲಾ ಎತ್ತಿನ ಗಾಡಿ ಗೊತ್ತು. ಹುಲ್ಲು ಹೇರುವಾಗ ಅಜ್ಜ ಒಂದು ಹೊರೆ ಮುಂದಕ್ಕೆ, ಒಂದು ಹಿಂದಕ್ಕೆ ಹಾಕಿಸುತ್ತಾರೆ. ಎಲ್ಲಾ ಮುಂದೆ ಹೇರಿದರೆ ಮೂಕಿ ಕೆಳಗೆ ಒತ್ತಿ ನೊಗದ ಭಾರ ಎತ್ತಿನ ಹೆಗಲ ಮೇಲೆ ಬೀಳುತ್ತದೆ, ಹೆಗಲು ಹುಣ್ಣಾಗುತ್ತದೆ. ಎಲ್ಲಾ ಹಿಂದೆ ಹೇರಿದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಗಾಡಿಯ ಭಾರವನ್ನು ಅಚ್ಚು ಹೊರಬೇಕು, ಎತ್ತು ಎಳೆಯಬೇಕು ಅಷ್ಟೆ. ಹೊರುವ ಕೆಲಸ ಎತ್ತಿನದಲ್ಲ ಅಂತ ಅಜ್ಜ ಹೇಳುತ್ತಾರೆ.

ಶೋಲ್ಡರ್ ರಿಗ್ ಕೂಡ ಒಂದು ಗಾಡಿಯೇ. ಹೆಗಲು ಅದರ ಅಚ್ಚು. ಮುಂದಿನ ಹಿಡಿ ಹಿಡಿದ ಎರಡು ಕೈ ಅದರ ಎತ್ತುಗಳು. ಕ್ಯಾಮೆರಾ, ಲೆನ್ಸ್, ಮಾನಿಟರ್ ಎಲ್ಲಾ ಅಚ್ಚಿನ ಮುಂದೆ ಹೇರಿರುತ್ತದೆ. ಹಿಂದೆ ಏನೂ ಇಲ್ಲದಿದ್ದರೆ ಕೈಗಳು ಎತ್ತಿ ಹಿಡಿದೇ ಇರಬೇಕು.

ನಾವು ವಿಜ್ಞಾನದಲ್ಲಿ ಸನ್ನೆ ಓದಿದ್ದೇವೆ. ಭಾರ ಎಷ್ಟು ಅನ್ನುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ, ಆಧಾರ ಬಿಂದುವಿನಿಂದ ಎಷ್ಟು ದೂರ ಇದೆ ಅನ್ನುವುದೂ ಬರುತ್ತದೆ. ಭಾರವನ್ನು ದೂರದಿಂದ ಗುಣಿಸಬೇಕು. ದಸರಾ ರಜೆಯಲ್ಲಿ ಮಾವ ನಮ್ಮ ಮನೆಗೆ ಬಂದಿದ್ದಾಗ ನಾನೂ ಅವರೂ ಅಂಗಡಿಯಿಂದ ತಕ್ಕಡಿ ತಂದು ಒಂದೊಂದನ್ನೇ ತೂಗಿದೆವು. ಕ್ಯಾಮೆರಾ, ಅದರ ಸುತ್ತಲಿನ ಪಂಜರ, ಲೆನ್ಸ್, ಮಾನಿಟರ್, ಮುಂದಿನ ಹಿಡಿಗಳು ಎಲ್ಲಾ ಸೇರಿ 2,700 ಗ್ರಾಂ ಬಂತು. ಆ ಮುಂದಿನ ಭಾಗವನ್ನು ಅಮ್ಮನ ಲಟ್ಟಣಿಗೆ ಮೇಲೆ ಅಡ್ಡ ಇಟ್ಟು, ಅತ್ತಲೂ ಇತ್ತಲೂ ವಾಲದೆ ನಿಲ್ಲುವ ಜಾಗ ಹುಡುಕಿದೆವು. ಹೆಗಲ ಮೆತ್ತೆಯ ನಡುವಿನಿಂದ ಆ ಜಾಗ 25 ಸೆಂಟಿಮೀಟರ್ ಮುಂದೆ ಇತ್ತು. ಕೈ ಹಿಡಿಯುವ ಜಾಗ 35 ಸೆಂಟಿಮೀಟರ್ ಮುಂದೆ. (ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಚಿತ್ರ ನೋಡಿ. ಕೆಂಪು ಬಾಣ ಕೈ, ನೀಲಿ ಬಾಣ ಭಾರ.)

2,700 ಗುಣಿಸು 25 ಅಂದರೆ 67,500. ಇದನ್ನು ಕೈಗಳು 35 ಸೆಂಟಿಮೀಟರ್ ದೂರದಲ್ಲಿ ತಡೆಯಬೇಕು. ಭಾಗಿಸಿದರೆ ಸುಮಾರು 1,930 ಗ್ರಾಂ. ಅಂದರೆ ಹಿಂದೆ ಬ್ಯಾಟರಿ ಇಲ್ಲದಿದ್ದರೆ ಕೈಗಳು ಎರಡು ಕೆಜಿ ಹತ್ತಿರ ಹತ್ತಿರ ಎತ್ತಿಕೊಂಡೇ ಇರಬೇಕು. ಎರಡು ಕೆಜಿ ಏನು ಮಹಾ ಅನ್ನಬೇಡಿ. ಎರಡು ಕೆಜಿ ಸಕ್ಕರೆ ಪೊಟ್ಟಣವನ್ನು ಎದೆಯ ಮುಂದೆ ಹಿಡಿದು ಒಂದು ಪೀರಿಯಡ್ಡು ನಿಂತು ನೋಡಿ. ಹತ್ತು ನಿಮಿಷಕ್ಕೆ ಕೈ ನಡುಗುತ್ತದೆ. ಕೈ ನಡುಗಿದರೆ ಚಿತ್ರ ನಡುಗುತ್ತದೆ.

ಮೊದಮೊದಲು ಕೆಲವರು ಬ್ಯಾಟರಿಯನ್ನು ಕ್ಯಾಮೆರಾದ ಬೆನ್ನಿಗೇ ಅಂಟಿಸಿದ ಹಾಗೆ ಹಾಕುತ್ತಾರೆ. ತಂತಿ ಚಿಕ್ಕದಾಗುತ್ತದೆ, ನೋಡೋಕೂ ಅಚ್ಚುಕಟ್ಟು. ಆದರೆ ಲೆಕ್ಕ ಏನು ಹೇಳುತ್ತದೆ? ಬ್ಯಾಟರಿ ಮತ್ತು ಅದನ್ನು ಕೂರಿಸುವ ಕಟ್ಟು ಸೇರಿ 950 ಗ್ರಾಂ. ಕ್ಯಾಮೆರಾದ ಬೆನ್ನು ಇನ್ನೂ ಹೆಗಲಿಗಿಂತ 10 ಸೆಂಟಿಮೀಟರ್ ಮುಂದೇ ಇದೆ. 9,500 ಸೇರಿ ಒಟ್ಟು 77,000 ಆಯಿತು. ಕೈಗೆ 2,200 ಗ್ರಾಂ! ಬ್ಯಾಟರಿ ಹಾಕಿ ಕಷ್ಟ ಹೆಚ್ಚಿಸಿಕೊಂಡ ಹಾಗಾಯಿತು.

ಅದೇ ಬ್ಯಾಟರಿಯನ್ನು ಹೆಗಲ ಹಿಂದೆ 20 ಸೆಂಟಿಮೀಟರಿನಲ್ಲಿ ಹಾಕಿ. ಈಗ ಅದು ಕಳೆಯುವ ಲೆಕ್ಕ. 950 ಗುಣಿಸು 20 ಅಂದರೆ 19,000. ಅರವತ್ತೇಳೂವರೆ ಸಾವಿರದಲ್ಲಿ ಕಳೆದರೆ 48,500. ಕೈಗೆ ಸುಮಾರು 1,385 ಗ್ರಾಂ. ಬ್ಯಾಟರಿ ಅದೇ, ಜಾಗ ಮಾತ್ರ ಬೇರೆ. 800 ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬಂತು.

ಇನ್ನೂ ಮುಂದೆ ಹೋಗಬಹುದು. ಬ್ಯಾಟರಿಯನ್ನು 30 ಸೆಂಟಿಮೀಟರಿಗೆ ಹಿಂದೆ ಸರಿಸಿ, ಮುಂದಿನ ಭಾಗವನ್ನು ಹೆಗಲ ಹತ್ತಿರಕ್ಕೆ, 15 ಸೆಂಟಿಮೀಟರಿಗೆ ತಂದೆವು. ಮುಂದೆ 40,500. ಹಿಂದೆ 28,500. ಉಳಿದದ್ದು 12,000. ಕೈಗೆ ಸುಮಾರು 340 ಗ್ರಾಂ ಮಾತ್ರ! ಮಾವ ಲೆಕ್ಕದ ಹಾಳೆ ನೋಡಿ ನಂಬಲಿಲ್ಲ. ಕಟ್ಟಿ ಹೆಗಲಿಗೆ ಏರಿಸಿಕೊಂಡು ಒಂದು ಕೈ ಬಿಟ್ಟು ನೋಡಿದರು. ಆಮೇಲೆ ಅತ್ತೆಯನ್ನು ಕರೆದು ತೋರಿಸಿದರು.

ಹಾಗಾದರೆ ಎಲ್ಲರೂ ಕ್ಯಾಮೆರಾವನ್ನು ಹೆಗಲ ಹತ್ತಿರವೇ ಯಾಕೆ ಇಡುವುದಿಲ್ಲ? ಇಂಥ ಕ್ಯಾಮೆರಾದ ಪರದೆ ಅದರ ಬೆನ್ನಿನಲ್ಲೇ ಇದೆ. ಹತ್ತಿರಕ್ಕೆ ತಂದರೆ ಪರದೆ ಮೂಗಿಗೆ ತಾಗುತ್ತದೆ, ಕಣ್ಣಿಗೆ ಏನೂ ಸ್ಪಷ್ಟ ಕಾಣುವುದಿಲ್ಲ. ಅದಕ್ಕೇ ಬೇರೆ ಮಾನಿಟರನ್ನು ಒಂದು ತೋಳಿನ ಮೇಲೆ ಮುಂದೆ ನಿಲ್ಲಿಸಬೇಕು. ಮಾನಿಟರ್ ಹಗುರ, ಮುಂದೆ ಇದ್ದರೂ ಪರವಾಗಿಲ್ಲ. ಭಾರದ್ದು ಹತ್ತಿರ, ಹಗುರದ್ದು ದೂರ. ನಾವು ಮಾಡಿದ ಲೆಕ್ಕದಲ್ಲಿ ಮಾನಿಟರನ್ನು ಹಾಗೆ ಮುಂದೆ ನಿಲ್ಲಿಸಿಯೇ ಲಟ್ಟಣಿಗೆ ಮೇಲೆ ಇಟ್ಟಿದ್ದು.

ಇನ್ನೊಂದು ಬ್ಯಾಟರಿ ಹಿಂದೆ ಸೇರಿಸಿದರೆ ಕೈಗೆ ಸೊನ್ನೆ ಬರುತ್ತಲ್ಲ ಅಂತ ನನ್ನ ತಮ್ಮ ಕೇಳಿದ. ಮಾಡಿ ನೋಡಿದೆವು. ಹಿಂದೆ 1,600 ಗ್ರಾಂ ಆಯಿತು, 30ರಿಂದ ಗುಣಿಸಿದರೆ 48,000. ಮುಂದಿನದಕ್ಕಿಂತ ಜಾಸ್ತಿ! ಲೆನ್ಸ್ ಮಾಳಿಗೆ ಕಡೆ ಎದ್ದಿತು. ಈಗ ಕೈ ಎತ್ತುವ ಬದಲು ಕೆಳಗೆ ಜಗ್ಗಬೇಕು. ನೊಗ ಎದ್ದ ಗಾಡಿಯ ಹಾಗೇ. ಸರಿಯಾಗಿ ಸೊನ್ನೆ ಬಂದರೂ ಮಾವನಿಗೆ ಇಷ್ಟವಿಲ್ಲ. ಮುಂದೆ ಸ್ವಲ್ಪ ಭಾರ ಇದ್ದರೆ ಕೈಗೆ ಹಿಡಿತ ಸಿಗುತ್ತದೆ, ಪೂರ್ತಿ ಸಮ ಇದ್ದರೆ ಗಾಳಿಗೆ ತೂಗಿದ ಹಾಗೆ ಅಲ್ಲಾಡುತ್ತದೆ ಅನ್ನುತ್ತಾರೆ. ಕೆಲವರು ಹಿಂದೆ ಕಬ್ಬಿಣದ ತುಂಡು ಕಟ್ಟುತ್ತಾರೆ. ಅದು ನನಗೆ ಸರಿ ಕಾಣಲಿಲ್ಲ. ಕಬ್ಬಿಣ ಸುಮ್ಮನೆ ಕೂತು ಭಾರ ಹಾಕುತ್ತದೆ, ಬ್ಯಾಟರಿ ಭಾರವನ್ನೂ ಹಾಕುತ್ತದೆ, ಕರೆಂಟನ್ನೂ ಕೊಡುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಒಟ್ಟು ಭಾರ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕೊಳವೆ, ಮೆತ್ತೆ ಎಲ್ಲಾ ಸೇರಿ ಈಗ ನಾಲ್ಕೂಕಾಲು ಕೆಜಿ ಇದೆ. ಮೊದಲು ಹೆಗಲ ಮೇಲೆ ಬೀಳುತ್ತಿದ್ದದ್ದು ಸುಮಾರು 1.4 ಕೆಜಿ, ಈಗ 3.9 ಕೆಜಿ. ಆದರೆ ಹೆಗಲು ಹೊರುವುದಕ್ಕೇ ಇರುವ ಜಾಗ. ಮಂಡಿಯ ಹಮಾಲರು ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತಾರೆಯೇ ಹೊರತು ಮುಂದೆ ಕೈ ಚಾಚಿ ಹಿಡಿದು ಹೋಗುವುದಿಲ್ಲ. ಮುಂದೆ ಭಾರ ಇದ್ದಾಗ ಕೈ ಮಾತ್ರ ನೋಯುವುದಿಲ್ಲ. ಮುಂದಕ್ಕೆ ಬೀಳದಿರಲು ಸೊಂಟದ ಸ್ನಾಯುಗಳು ಹಿಂದಕ್ಕೆ ಎಳೆದುಕೊಂಡೇ ಇರಬೇಕು. ಮಾವನಿಗೆ ಮದುವೆ ಸೀಸನ್ನಿನಲ್ಲಿ ಸೊಂಟ ಹಿಡಿದು ಏಳೋಕೆ ಆಗ್ತಿರಲಿಲ್ಲ, ದಿನಾ ರಾತ್ರಿ ಅತ್ತೆ ಎಣ್ಣೆ ತಿಕ್ಕಬೇಕಿತ್ತು. ಕ್ಯಾಮೆರಾ ಮಾರಿಬಿಟ್ಟು ಯಾವುದಾದರೂ ಅಂಗಡಿಗೆ ಸೇರಿಕೊಳ್ಳುತ್ತೇನೆ ಅಂತ ಒಂದು ಸಲ ನಮ್ಮ ಅಮ್ಮನ ಹತ್ತಿರ ಹೇಳಿದ್ದರು. ಈ ವರ್ಷ ಆ ಮಾತು ಬಂದಿಲ್ಲ.

ಸಿನಿಮಾದವರು ಇದನ್ನು ಮೊದಲೇ ತಿಳಿದಿದ್ದರು. ಫಿಲಂ ರೀಲಿನ ಕಾಲದಲ್ಲಿ ಬ್ಯಾಟರಿಗಳು ತುಂಬಾ ಭಾರ. ಅವನ್ನು ಸೊಂಟದ ಪಟ್ಟಿಯಲ್ಲಿ ಗುಂಡುಗಳ ಹಾಗೆ ಸಾಲಾಗಿ ಕಟ್ಟಿಕೊಂಡು, ಅಲ್ಲಿಂದ ಒಂದು ತಂತಿಯನ್ನು ಕ್ಯಾಮೆರಾಕ್ಕೆ ಎಳೆಯುತ್ತಿದ್ದರು. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1971ರಲ್ಲಿ ಆಟೋನ್ ಎಂಬ ಕಂಪನಿ ಕಟ್ಟಿದ ಜ್ಯಾನ್-ಪಿಯೆರ್ ಬೋವಿಯಾಲ ಅವರು ಕ್ಯಾಮೆರಾ ಹೆಗಲ ಮೇಲೆ ಬೆಕ್ಕು ಕೂತ ಹಾಗೆ ಇರಬೇಕು ಅನ್ನುತ್ತಿದ್ದರಂತೆ. ಬೆಕ್ಕು ಹೆಗಲ ಮೇಲೆ ಕೂತರೆ ಯಾರೂ ಕೈಯಲ್ಲಿ ಎತ್ತಿ ಹಿಡಿಯಬೇಕಿಲ್ಲ ಅಲ್ಲವೇ? ಅಮೆರಿಕದ ಗ್ಯಾರೆಟ್ ಬ್ರೌನ್ ಅವರು ಸ್ಟೆಡಿಕ್ಯಾಮ್ ಕಂಡುಹಿಡಿದರು. 1976ರ 'ರಾಕಿ' ಸಿನಿಮಾದಲ್ಲಿ ಅದನ್ನು ಬಳಸಿದ್ದಾರೆ. ಅದರಲ್ಲಿ ಕಂಬದ ಮೇಲೆ ಕ್ಯಾಮೆರಾ, ಕೆಳತುದಿಯಲ್ಲಿ ಬ್ಯಾಟರಿ ಮತ್ತು ಮಾನಿಟರ್. ಅಲ್ಲಿಯೂ ಬ್ಯಾಟರಿಗೆ ಎರಡು ಕೆಲಸ. ಈಗಿನ ಸಣ್ಣ ಪೆಟ್ಟಿಗೆಯಂಥ ಕ್ಯಾಮೆರಾಗಳು ಹೆಗಲಿಗೆ ಅಂತ ಮಾಡಿದವಲ್ಲ. ಅದಕ್ಕೇ ಕೊಳವೆ, ಮೆತ್ತೆ, ಬ್ಯಾಟರಿ ಸೇರಿಸಿ ನಾವೇ ಹೆಗಲ ಕ್ಯಾಮೆರಾ ಮಾಡಿಕೊಳ್ಳಬೇಕು.

ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಮೆತ್ತೆಯಿಂದ ಹಿಂದಕ್ಕೆ ಎರಡು ಕೊಳವೆ ಹೋಗಿರುತ್ತವೆ. ಒಂದೊಂದರ ದಪ್ಪ 15 ಮಿಲಿಮೀಟರ್, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 60 ಮಿಲಿಮೀಟರ್. ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ನಾನೇ ಅಳೆದೆ. ಎಲ್ಲಾ ಕಂಪನಿಯವರೂ ಈ ಅಳತೆ ಇಟ್ಟುಕೊಂಡಿರುವುದರಿಂದ ಒಬ್ಬರ ಕೊಳವೆಗೆ ಇನ್ನೊಬ್ಬರ ಕಟ್ಟು ಕೂರುತ್ತದೆ. ಬ್ಯಾಟರಿಯ ಕಟ್ಟನ್ನು ಕೊಳವೆಗೆ ತೂರಿಸಿ, ಬೇಕಾದ ದೂರಕ್ಕೆ ಸರಿಸಿ, ತಿರುಪು ಬಿಗಿ ಮಾಡಬೇಕು. ಆಮೇಲೆ ಬ್ಯಾಟರಿ ಇಳಿಸಿ, ಟಕ್ ಅಂದ ಮೇಲೂ ಒಂದು ಸಲ ಮೇಲಕ್ಕೆ ಜಗ್ಗಿ ನೋಡಲೇಬೇಕು. ಬಿಡಿಸುವ ಗುಂಡಿ ಪಕ್ಕದಲ್ಲೇ ಇರುತ್ತದೆ. ಮದುವೆ ಮನೆಯ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಾಗಿದರೆ ಮುಕ್ಕಾಲು ಕೆಜಿ ಬ್ಯಾಟರಿ ಹಿಂದೆ ನಿಂತ ಮಗುವಿನ ತಲೆ ಮೇಲೆ ಬೀಳಬಹುದು. ಮಾವ ಅದರ ಸುತ್ತ ಒಂದು ವೆಲ್ಕ್ರೋ ಪಟ್ಟಿಯನ್ನೂ ಸುತ್ತುತ್ತಾರೆ. ಹಾಗೇ, ಹೆಗಲ ಹಿಂದೆ ಒಂದಡಿ ಉದ್ದ ಇದೆ ಅನ್ನುವುದನ್ನು ನೆನಪಿಟ್ಟುಕೊಂಡು ತಿರುಗಬೇಕು. ಓಲಗದವರ ಡೋಲಿಗೆ ಒಂದು ಸಲ ತಾಗಿತ್ತಂತೆ, ಡೋಲಿನವರು ಅದನ್ನೂ ತಾಳಕ್ಕೆ ಸೇರಿಸಿಕೊಂಡರಂತೆ!

ಕರೆಂಟು ಹೋಗುವುದು ಡಿ-ಟ್ಯಾಪ್ ಎಂಬ ಬಾಯಿಂದ. ಇಂಗ್ಲಿಷಿನ ಡಿ ಆಕಾರ, ಎರಡು ಕಡ್ಡಿ, ಒಂದು ಧನ, ಒಂದು ಋಣ. ಆಕಾರ ನೋಡಿ ಹಾಕಿದರೆ ತಪ್ಪುವುದಿಲ್ಲ, ಆದರೆ ಅಗ್ಗದ ಪ್ಲಗ್ಗುಗಳನ್ನು ಬಲವಂತವಾಗಿ ತಲೆಕೆಳಗು ಮಾಡಿ ತುರುಕಬಹುದು. ಹಾಗೆ ಮಾಡಿದರೆ ಧನ ಋಣ ಅದಲುಬದಲಾಗಿ ಕ್ಯಾಮೆರಾ ಸುಟ್ಟುಹೋಗುತ್ತದೆ. ಮೂರು ವರ್ಷ ಕಂತು ಕಟ್ಟುವ ಸಾಮಾನು ಅರೆಗಳಿಗೆಯಲ್ಲಿ ಹೋಗುತ್ತದೆ. ಇನ್ನೊಂದು, ಈ ಬಾಯಿಂದ ಬರುವುದು ಬ್ಯಾಟರಿಯ ಪೂರ್ತಿ ವೋಲ್ಟೇಜು. ಕೆಲವು ಸಣ್ಣ ಸಾಧನಗಳು ಏಳೆಂಟು ವೋಲ್ಟ್ ಮಾತ್ರ ತಡೆಯುತ್ತವೆ. ಅವಕ್ಕೆ ನಡುವೆ ವೋಲ್ಟೇಜ್ ಇಳಿಸುವ ಡಬ್ಬಿ ಇರುವ ತಂತಿಯೇ ಬೇಕು. ಹಾಕುವ ಮೊದಲು ಸಾಧನದ ಮೇಲೆ ಬರೆದಿರುವುದನ್ನು ಓದಬೇಕು.

ತಂತಿ ಹಾಕುವುದಕ್ಕೂ ಕ್ರಮ ಇದೆ. ಕ್ಯಾಮೆರಾಕ್ಕೂ ಮಾನಿಟರಿಗೂ ಒಂದೇ ಬ್ಯಾಟರಿಯಿಂದ ಕರೆಂಟ್ ಹೋಗುವಾಗ ಮೊದಲು ಕರೆಂಟಿನ ತಂತಿಗಳನ್ನು ಪೂರ್ತಿ ಕೂರಿಸಿ, ಆಮೇಲೆ ಚಿತ್ರದ ತಂತಿ ಹಾಕಬೇಕು. ತೆಗೆಯುವಾಗ ಚಿತ್ರದ್ದು ಮೊದಲು. ಕಾರಣ ಏನೆಂದರೆ, ಮಾನಿಟರಿನ ಋಣ ಕಡ್ಡಿ ಸರಿಯಾಗಿ ತಾಗದಿದ್ದರೆ ಕರೆಂಟು ವಾಪಸ್ಸು ಹೋಗಲು ಬೇರೆ ದಾರಿ ಹುಡುಕುತ್ತದೆ. ಚಿತ್ರದ ತಂತಿಯೊಳಗೂ ಒಂದು ಋಣದ ದಾರಿ ಇದೆ, ಅದು ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ನೀರು ಕಾಲುವೆ ಬಿಟ್ಟು ಪಕ್ಕದ ಬದು ಒಡೆದುಕೊಂಡು ಹೋದ ಹಾಗೆ, ಕ್ಯಾಮೆರಾದ ಚಿತ್ರದ ಬಾಯಿಯೇ ಸುಡಬಹುದು.

ತಂತಿಯನ್ನು ಕೊಳವೆಯ ಗುಂಟ ಕಟ್ಟಿಕೊಂಡು ಹೋಗಬೇಕು. ಎರಡೂ ತುದಿಯಲ್ಲಿ ಸ್ವಲ್ಪ ಸಡಿಲ ಬಿಡಬೇಕು, ಇಲ್ಲಾಂದ್ರೆ ಕ್ಯಾಮೆರಾ ತಿರುಗಿಸಿದಾಗ ಬುಡದಲ್ಲಿ ಕಿತ್ತು ಬರುತ್ತದೆ. ಜೋತು ಬಿಟ್ಟರೆ ಯಾರದಾದರೂ ಬಳೆಗೆ ಸಿಕ್ಕಿಕೊಳ್ಳುತ್ತದೆ. ತೀರಾ ಸಣ್ಣ ತಂತಿ ಒಳ್ಳೆಯದಲ್ಲ. ದೂರದ ಬೋರಿಗೆ ಸಣ್ಣ ವೈರ್ ಎಳೆದರೆ ಮೋಟಾರಿಗೆ ವೋಲ್ಟೇಜ್ ಸಾಲದೆ ಗುಂಯ್‌ಗುಡುತ್ತದಲ್ಲ, ಹಾಗೆ. ಹೊರಗಿನ ಬ್ಯಾಟರಿ ಹಾಕಿದರೂ ಹಿಡಿಯೊಳಗಿನ ಸಣ್ಣ ಬ್ಯಾಟರಿಯನ್ನು ಚಾರ್ಜ್ ಮಾಡಿ ಅಲ್ಲೇ ಬಿಡಬೇಕು. ದೊಡ್ಡದನ್ನು ತೆಗೆದು ಬದಲಾಯಿಸುವಾಗ ಈ ಕ್ಯಾಮೆರಾ ನಿಲ್ಲದೆ ಒಳಗಿನದಕ್ಕೆ ಹೋಗುತ್ತದೆ. ಗಟ್ಟಿಮೇಳದ ಹೊತ್ತಿಗೆ ಇದೇ ಆಪದ್ಬಾಂಧವ.

ಬೈಕಿನ ಬ್ಯಾಟರಿ ಹಾಕಬಾರದೇ, ಅದೂ 12 ವೋಲ್ಟ್ ಅಲ್ಲವೇ ಅಂತ ಗೆಳೆಯನೊಬ್ಬ ಕೇಳಿದ್ದಾನೆ. ಒಳ್ಳೆಯ ಪ್ರಶ್ನೆ. 12 ವೋಲ್ಟ್, 5 ಆಂಪೇರ್-ಗಂಟೆಯ ಬೈಕ್ ಬ್ಯಾಟರಿ ಅಂದರೆ 60 ವ್ಯಾಟ್-ಗಂಟೆ. ತೂಕ ಎರಡು ಕೆಜಿಯ ಹತ್ತಿರ. ನಮ್ಮ ವಿ-ಮೌಂಟ್ ಮುಕ್ಕಾಲು ಕೆಜಿಯಲ್ಲೇ 98 ಕೊಡುತ್ತದೆ. ಸೀಸದ ಬ್ಯಾಟರಿ ಅರ್ಧ ಖಾಲಿಯಾಗುವಷ್ಟರಲ್ಲಿ ವೋಲ್ಟೇಜ್ 12ರ ಕೆಳಗೆ ಇಳಿಯಬಹುದು, ಆಗ ಕ್ಯಾಮೆರಾ ನಿಂತುಹೋಗುತ್ತದೆ. ಅದರಲ್ಲಿ ಆಸಿಡ್ ಕೂಡ ಇರುತ್ತದೆ, ಬೆನ್ನಿಗೆ ಚೆಲ್ಲಿದರೆ ಗತಿ ಏನು?

ಲಿಥಿಯಂ ಬ್ಯಾಟರಿಯೂ ಸಾಧು ಪ್ರಾಣಿಯಲ್ಲ. ಬಿದ್ದು ಒಡೆದರೆ, ಉಬ್ಬಿದರೆ, ಅದನ್ನು ಮತ್ತೆ ಬಳಸುವ ಹಾಗಿಲ್ಲ. ಒಳಗೆ ಧನ ಋಣ ತಾಗಿದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಒಂದು ಕೋಶ ಹೊತ್ತಿದರೆ ಪಕ್ಕದ್ದಕ್ಕೂ ಹಬ್ಬುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಅದರದೇ ಚಾರ್ಜರಿನಲ್ಲಿ, ಎಚ್ಚರವಾಗಿರುವಾಗಲೇ ಚಾರ್ಜ್ ಮಾಡಬೇಕು. ಬಿಚ್ಚಿ ರಿಪೇರಿ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಮಾವ ಅಂಥವರ ಹತ್ತಿರ ಕೊಡುವುದಿಲ್ಲ. ಅವರು ಅದನ್ನು ಸಿಮೆಂಟಿನ ನೆಲದ ಮೇಲೆ ಇಟ್ಟು ಚಾರ್ಜ್ ಮಾಡುತ್ತಾರೆ, ಹಾಸಿಗೆ ಮೇಲೆ ಯಾವತ್ತೂ ಇಲ್ಲ. ಮೊಬೈಲನ್ನು ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವ ನಮ್ಮ ಅಣ್ಣಂದಿರಿಗೂ ಇದು ಅನ್ವಯಿಸುತ್ತದೆ.

ಅಡಿಪಟ್ಟಿ, ಒಂದು ಚಾಕ್‌ಪೀಸ್ ಡಬ್ಬಿ, ನಾಲ್ಕು ರಬ್ಬರ್ ಇಷ್ಟರಿಂದ ಈ ರಿಗ್ಗಿನ ಸಣ್ಣ ಮಾದರಿ ಮಾಡಿ ವಿಜ್ಞಾನ ಕೊಠಡಿಯ ಕಿಟಕಿ ಹತ್ತಿರ ಇಟ್ಟಿದ್ದೇನೆ. ರಬ್ಬರನ್ನು ಹಿಂದೆ ಮುಂದೆ ಸರಿಸಿ ನೋಡಬಹುದು. ಮಧ್ಯಾಹ್ನದ ಊಟ ಆದ ಮೇಲೆ ಬನ್ನಿ, ಕೈ ತೊಳೆದುಕೊಂಡು.

— ಏಳನೇ ತರಗತಿ